ಒಬ್ಬರೇ ಬಂದ ನಿಯೋಗ

ದೊಡ್ಡವರು ಚಿಕ್ಕವರಿಗೆ ಸಹಾಯ ಮಾಡಲು ಹೊರಟಾಗಲೆಲ್ಲ ಏನಾದರೊಂದು ತಮಾಷೆ ನಡೆದೇ ನಡೆಯುತ್ತದೆ. ನಾನು ಕಣ್ಣಾರೆ ಕಂಡದ್ದು ಎಂಬತ್ತರ ದಶಕದ ಕೊನೆಯಲ್ಲಿ. ಯಜಮಾನರಿಗೆ ಬ್ಯಾಂಕಿನಲ್ಲಿ ಮೈಸೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ಮನೆಯಲ್ಲಿ ಕೂತು ಬೇಸರವಾಗಿ, ಬಂದರಿನಲ್ಲಿ ಸರಕು ಬಿಡಿಸಿಕೊಡುವ ಏಜೆಂಟರೊಬ್ಬರ ಆಫೀಸಿಗೆ ನಾನು ಟೈಪಿಸ್ಟ್ ಆಗಿ ಸೇರಿದ್ದೆ. ಇಂಗ್ಲಿಷ್ ಚೆನ್ನಾಗಿತ್ತು. ತೆಲುಗು ಮಾತ್ರ ಇನ್ನೂ ಆರು ತಿಂಗಳ ಕೂಸು.

ಆಗ ಒಂದು ಅಂತರರಾಷ್ಟ್ರೀಯ ಸಾಂಸ್ಕೃತಿಕ ಸಂಸ್ಥೆ, ಪುಟ್ಟ ದ್ವೀಪ ದೇಶವೊಂದರ ಸಹಕಾರದಿಂದ, ಆ ದೇಶದ ವಸ್ತುಪ್ರದರ್ಶನವನ್ನು ವಿಶಾಖಪಟ್ಟಣದಲ್ಲೂ ವಿಜಯವಾಡದಲ್ಲೂ ಏರ್ಪಡಿಸಿತು. ಅದರ ಸರಕು ಬಿಡಿಸುವ ಕೆಲಸ ನಮ್ಮ ಆಫೀಸಿಗೆ ಬಂತು. ಆ ದೇಶವನ್ನು ನಮ್ಮ ಆಫೀಸಿನ ಭೂಪಟದಲ್ಲಿ ಹುಡುಕಿದೆ. ಅದು ಇರಬೇಕಾದ ಜಾಗದಲ್ಲಿ ಗೋಡೆಯ ಮೊಳೆ ಇತ್ತು.

ನಿಯೋಗ ಬರುತ್ತದೆ ಅಂತ ಎರಡು ಕಾರು ತರಿಸಿದ್ದರು. ಬಂದಿಳಿದವರು ಒಬ್ಬರೇ ಹೆಂಗಸು. ಐವತ್ತರ ಆಸುಪಾಸಿನ ಸ್ಕೂಲ್ ಟೀಚರು. ಉಳಿದವರೆಲ್ಲಿ ಎಂದು ನಮ್ಮ ಮ್ಯಾನೇಜರು ಕೇಳಿದರು.

"ಪಾಠ ಮಾಡುತ್ತಿದ್ದಾರೆ. ಎಲ್ಲರೂ ಬಂದರೆ ಸ್ಕೂಲು ಮುಚ್ಚಬೇಕಾಗುತ್ತದೆ" ಅಂದರು ಟೀಚರು.

ಎರಡನೇ ಕಾರು ಖಾಲಿ ಹೋಗಬಾರದು ಅಂತ ನನ್ನನ್ನು ಅದರಲ್ಲಿ ಕೂರಿಸಿ, ಅವರ ಸಹಾಯಕ್ಕೆ ಹಾಕಿದರು.

ದೋಣಿಗೆ ಸಿಬ್ಬಂದಿ

ಸರಕಿನಲ್ಲಿ ಒಂದೇ ದಿಮ್ಮಿಯಿಂದ ಕೊರೆದ ದೋಣಿಯೊಂದಿತ್ತು. ಕಸ್ಟಮ್ಸ್ ಕೌಂಟರಿನಲ್ಲಿದ್ದವರು ಒಳ್ಳೆಯ ಮನುಷ್ಯ, ಆದರೆ ಅವರ ಹತ್ತಿರ ಇದ್ದದ್ದು ಎರಡೇ ಫಾರಂ. ಒಂದು ಪ್ರಾಚೀನ ವಸ್ತುವಿಗೆ, ಇನ್ನೊಂದು ನೀರಿನ ಮೇಲೆ ಓಡುವ ವಾಹನಕ್ಕೆ. ಸಂಸ್ಥೆಯ ಕೇಂದ್ರ ಕಚೇರಿಯಿಂದ ಒಬ್ಬ ಸಲಹೆಗಾರರು ಬಂದಿದ್ದರು. ವಿಶಾಖಪಟ್ಟಣದ ಸೆಕೆಯಲ್ಲೂ ಕೋಟು ಬಿಚ್ಚದವರು. ಪ್ರಾಚೀನ ಅಂತ ಬರೆದುಬಿಡಿ, ಕೆಲಸ ಮುಗಿಯುತ್ತದೆ ಎಂದು ಅವರು ಟೀಚರ ಕಿವಿಯಲ್ಲಿ ಹೇಳಿದರು.

ಟೀಚರು ಒಪ್ಪಲಿಲ್ಲ. ದೋಣಿ ಅವರ ಸೋದರಮಾವನದು. ಹೋದ ತಿಂಗಳವರೆಗೆ ಅದರಲ್ಲೇ ಮೀನಿಗೆ ಹೋಗುತ್ತಿದ್ದರಂತೆ. ತಂದದ್ದಕ್ಕೆ ಮಾವ ಮಾತು ಬಿಟ್ಟಿದ್ದಾರೆ, ಇನ್ನು ಅವರ ದೋಣಿಯನ್ನು ಪ್ರಾಚೀನ ಅಂತ ಬರೆದರೆ ಊರಿಗೇ ಸೇರಿಸುವುದಿಲ್ಲ ಅಂದರು.

ಸರಿ, ವಾಹನದ ಫಾರಂ. ಕ್ಯಾಪ್ಟನ್ ಯಾರು ಎಂದಿದ್ದಲ್ಲಿ ಟೀಚರು ತಮ್ಮ ಹೆಸರು ಬರೆದರು. ಸಿಬ್ಬಂದಿ ಎಂದಿದ್ದಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಕನ್ನಂಬಾಡಿ ಕಟ್ಟೆಯ ನೀರಿಗೂ ಕಾಲಿಡದ ನಾನು ಹೀಗೆ ನಾವಿಕಳಾದೆ.

ಸಂಜೆ ಯಜಮಾನರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತದೆ ಅವರು ಕೇಳಿದ್ದು ಒಂದೇ, "ಅದರಲ್ಲೂ ಟ್ರಾನ್ಸ್‌ಫರ್ ಇದೆಯಾ?"

ಬಳಕೆ ತಿಳಿದಿಲ್ಲ

ವಿಶಾಖಪಟ್ಟಣದ ಪ್ರದರ್ಶನಕ್ಕೆ ಸಲಹೆಗಾರರು ಬೋರ್ಡು, ಚೀಟಿ ಎಲ್ಲ ಮೊದಲೇ ಅಚ್ಚು ಹಾಕಿಸಿ ತಂದಿದ್ದರು. ಬಾಗಿಲ ಮೇಲೆ 'ಅಳಿಯುತ್ತಿರುವ ದ್ವೀಪ ಸಂಸ್ಕೃತಿ' ಎಂಬ ಬೋರ್ಡು. ಟೀಚರು ಸ್ಟೂಲು ಹತ್ತಿ ಅದನ್ನು ಗೋಡೆ ಕಡೆಗೆ ತಿರುಗಿಸಿದರು. ತಮ್ಮ ಕ್ಲಾಸಿನಲ್ಲಿ ನಲವತ್ತು ಮಕ್ಕಳಿವೆ, ಅವುಗಳ ಗಲಾಟೆ ಕೇಳಿದವರು ಯಾರೂ ಇವರು ಅಳಿಯುತ್ತಿದ್ದಾರೆ ಅನ್ನುವುದಿಲ್ಲ ಎಂದರು.

ಒಳಗೆ ಒಂದು ಮಣೆ ಇಟ್ಟಿತ್ತು. ಮುಂದುಗಡೆ ನಾಲಿಗೆ ಚಾಚಿದ ಹಾಗೆ ಹಲ್ಲು ಹಲ್ಲಿನ ಕಬ್ಬಿಣ. ಚೀಟಿಯಲ್ಲಿ, 'ಪ್ರಾಣಿಯಾಕಾರದ ಪೀಠ. ಬಳಕೆ ತಿಳಿದಿಲ್ಲ. ಪೂಜೆಗೆ ಇರಬಹುದು' ಎಂದಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅದು ತುರಿಮಣೆ. ನಮ್ಮ ಅಡುಗೆಮನೆಯಲ್ಲಿರುವುದಕ್ಕೂ ಅದಕ್ಕೂ ಬಣ್ಣದಲ್ಲಷ್ಟೇ ವ್ಯತ್ಯಾಸ.

ಮಾರನೇ ದಿನ ಮನೆಯಿಂದ ತೆಂಗಿನಕಾಯಿ ಒಯ್ದೆ. ಟೀಚರು ಮಣೆಯ ಮೇಲೆ ಕೂತು ಸಲಹೆಗಾರರ ಎದುರಿಗೇ ಒಂದು ಹೋಳು ತುರಿದು ತೋರಿಸಿದರು. ಅವರು ತುರಿ ತಿಂದರು, ಚೆನ್ನಾಗಿದೆ ಅಂದರು. ಆದರೆ ಚೀಟಿಯ ಒಕ್ಕಣೆಯನ್ನು ಸಮಿತಿ ಒಪ್ಪಿದೆ, ಬದಲಿಸಬೇಕಾದರೆ ಸಮಿತಿಯೇ ಮತ್ತೆ ಸೇರಬೇಕು, ಅದು ಸೇರುವುದು ಮುಂದಿನ ವರ್ಷ ಎಂದರು.

 ಟೀಚರು ಒಂದು ಖಾಲಿ ಚೀಟಿ ತೆಗೆದುಕೊಂಡು ಬರೆದು ಸಲಹೆಗಾರರ ಮೇಜಿನ ಮುಂದೆ ನಿಲ್ಲಿಸಿದರು. 'ಸಲಹೆಗಾರ. ಹೊರಗಿನಿಂದ ಬಂದದ್ದು. ಬಳಕೆ ತಿಳಿದಿಲ್ಲ. ಪೂಜೆಗೆ ಇರಬಹುದು.'

ಅವರ ಗಮನಕ್ಕೆ ಬರುವಷ್ಟರಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಅದನ್ನು ತನ್ನ ಅಜ್ಜಿಗೆ ತೆಲುಗಿನಲ್ಲಿ ಓದಿ ಹೇಳಿದ್ದಳು. ಅಜ್ಜಿ ಚಪ್ಪಲಿ ಬಿಟ್ಟು ಬಂದು ಕೈ ಮುಗಿದರು. ಮಧ್ಯಾಹ್ನದೊಳಗೆ ಎರಡೂ ಚೀಟಿ ಮಾಯವಾದವು. ಸಮಿತಿ ಯಾವಾಗ ಸೇರಿತೋ ಗೊತ್ತಿಲ್ಲ.

ಭೀಮುನಿಪಟ್ಟಣದಲ್ಲಿ ವಿಚಾರ ವಿನಿಮಯ

ಕಾರ್ಯಕ್ರಮದ ಪಟ್ಟಿಯಲ್ಲಿ 'ಮೀನುಗಾರರೊಂದಿಗೆ ವಿಚಾರ ವಿನಿಮಯ, ಮುಕ್ಕಾಲು ಗಂಟೆ' ಎಂದಿತ್ತು. ತೆಲುಗಿನವರು ಯಾರಾದರೂ ಬರಲಿ ಅಂತ ನಾನೆಂದರೂ ಕೇಳದೆ ನನ್ನನ್ನೇ ದುಭಾಷಿ ಮಾಡಿದರು.

ವಿಶಾಖಪಟ್ಟಣದ ಪಕ್ಕದ ಆ ಊರಿನ ದಡದಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರು ನಮ್ಮನ್ನು ಕಂಡು ಎದ್ದು, ತುಂಬಾ ಗೌರವದಿಂದ "ಅಡಗಂಡಿ, ಅಡಗಂಡಿ" ಅಂದರು. ಅಡಗಿಕೊಳ್ಳಲು ಹೇಳುತ್ತಿದ್ದಾರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಮುದ್ರದವರ ಮಾತಿಗೆ ಎದುರಾಡಬಾರದು ಎಂಬುದು ಟೀಚರ ನಂಬಿಕೆ. ತಕ್ಷಣ ಒಂದು ದೋಣಿಯ ಹಿಂದೆ ಕುಕ್ಕರಿಸಿದರು. ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಕೋಟಿನ ಸಮೇತ ಸಲಹೆಗಾರರು.

ಸ್ವಲ್ಪ ಹೊತ್ತಿಗೆ ಹಿರಿಯರು ದೋಣಿಯ ಮೇಲಿಂದ ಬಗ್ಗಿ ನೋಡಿದರು. ತೆಲುಗಿನಲ್ಲಿ ಆ ಮಾತಿಗೆ 'ಏನು ಬೇಕಾದರೂ ಕೇಳಿ' ಎಂದರ್ಥ ಅಂತ ನನಗೆ ತಿಳಿದದ್ದು ಆಮೇಲೆ. ಅವರೂ ಏನೂ ಕೇಳದೆ ಬಂದು ನಮ್ಮ ಸಾಲಿನಲ್ಲಿ ಕೂತರು. ದೊಡ್ಡ ಸಂಸ್ಥೆಯವರೇ ಬಚ್ಚಿಟ್ಟುಕೊಂಡಿದ್ದಾರೆ ಅಂದಮೇಲೆ ಏನೋ ಅಪಾಯ ಇರಬೇಕಲ್ಲ.

ಜರಿ ಅಂಚಿನ ಬಾವುಟ

ವಿಜಯವಾಡದ ಸಭಾಂಗಣದಲ್ಲಿ ಎಲ್ಲ ದೇಶಗಳ ಬಾವುಟದ ಕಟ್ಟು ಇತ್ತು, ಇವರದ್ದೊಂದು ಇರಲಿಲ್ಲ. ಹೋಲುವಂಥ ಬೇರೆ ಯಾವುದಾದರೂ ಏರಿಸೋಣ ಅಂದರು ವ್ಯವಸ್ಥಾಪಕರು. ಹಾಗಾದರೆ ನನ್ನನ್ನು ಹೋಲುವ ಬೇರೆ ಯಾರನ್ನಾದರೂ ವೇದಿಕೆಗೆ ಕೂರಿಸಿ ಎಂದು ಟೀಚರು ಎದ್ದು ನಡೆದರು.

ಬಾವುಟ ನಾವೇ ಹೊಲಿಸೋಣ ಅಂತ ಹೊರಟರೆ, ಅಂಗಡಿಯಲ್ಲಿ ಸರಿಯಾದ ನೀಲಿ ಸಿಕ್ಕಿದ್ದು ಒಂದು ಮಂಗಳಗಿರಿ ಸೀರೆಯಲ್ಲಿ ಮಾತ್ರ. ಟೈಲರು ಬಾವುಟದ ನಕ್ಷತ್ರಗಳನ್ನೆಲ್ಲ ಚೊಕ್ಕವಾಗಿ ಹೊಲಿದರು, ಜರಿ ಅಂಚು ಕತ್ತರಿಸಲು ಮಾತ್ರ ಸುತರಾಂ ಒಪ್ಪಲಿಲ್ಲ. ಬಾವುಟ ಅಂಚಿನ ಸಮೇತ ಏರಿತು. ಇದಕ್ಕೆ ನಿಮ್ಮ ಸರ್ಕಾರದ ಒಪ್ಪಿಗೆ ಇದೆಯೇ ಎಂದು ಸಲಹೆಗಾರರು ಕೇಳಿದರು.

"ಸರ್ಕಾರಕ್ಕೆ ಇಷ್ಟು ಒಳ್ಳೆಯ ಸೀರೆ ಕೊಳ್ಳುವ ಶಕ್ತಿ ಇರಲಿಲ್ಲ" ಅಂದರು ಟೀಚರು.

ಎದ್ದು ನಿಲ್ಲಿ

ಸಮಾರೋಪದ ದಿನ ರಾಷ್ಟ್ರಗೀತೆಯ ಸರದಿ ಬಂತು. ನಮ್ಮದರ ಕ್ಯಾಸೆಟ್ ಇತ್ತು. ಅವರದ್ದು ಬಂದಿರಲಿಲ್ಲ. ಸಮಯ ಕಡಿಮೆ, ಚಿಕ್ಕ ದೇಶ, ಬಿಟ್ಟುಬಿಡೋಣ ಎಂದು ವೇದಿಕೆಯ ಮೇಲೆ ಪಿಸುಪಿಸು ನಡೆಯಿತು. ಮೈಕು ಅದನ್ನೂ ಸಭೆಗೆ ಕೇಳಿಸಿತು.

ಟೀಚರು ಎದ್ದು ಮೈಕಿನ ಮುಂದೆ ನಿಂತರು. "ದೇಶ ಚಿಕ್ಕದು. ಗಂಟಲು ಚಿಕ್ಕದಲ್ಲ. ದಯವಿಟ್ಟು ಎದ್ದು ನಿಲ್ಲಿ" ಅಂದರು.

ಸಭೆ ಎದ್ದಿತು. ಸಮವಸ್ತ್ರದ ಅಧಿಕಾರಿಗಳು ಸೆಲ್ಯೂಟ್ ಹೊಡೆದರು. ಟೀಚರು ಕಣ್ಣು ಮುಚ್ಚಿ, ಎರಡೂ ಕೈಗಳನ್ನು ನಿಧಾನವಾಗಿ ಒಂದರ ಮೇಲೊಂದು ಆಡಿಸುತ್ತಾ ಮೂರು ನುಡಿ ಹಾಡಿದರು. ಅರ್ಥ ತಿಳಿಯದಿದ್ದರೂ ಮುಂದಿನ ಸಾಲಿನ ಒಬ್ಬ ಹಿರಿಯರು ಕಣ್ಣೊರೆಸಿಕೊಂಡರು.

ಟೀಚರು ವಾಪಸ್ ಬಂದು ನನ್ನ ಪಕ್ಕ ಕೂತರು. ಎಷ್ಟು ಚೆನ್ನಾಗಿದೆ ನಿಮ್ಮ ರಾಷ್ಟ್ರಗೀತೆ ಅಂದೆ.

"ಅದು ರಾಷ್ಟ್ರಗೀತೆ ಅಲ್ಲ" ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. "ರಾಷ್ಟ್ರಗೀತೆ ತುಂಬಾ ಮೇಲಿನ ಸ್ವರದಲ್ಲಿ ಶುರುವಾಗುತ್ತದೆ. ಬ್ಯಾಂಡ್ ಇಲ್ಲದೆ ನನಗೆ ಎಟುಕುವುದಿಲ್ಲ, ಅದು ಗೊತ್ತಾಗಿದ್ದು ಬಾಯಿ ತೆರೆದ ಮೇಲೆ. ಇದು ಒಂದನೇ ಕ್ಲಾಸಿಗೆ ಊಟಕ್ಕೆ ಮುಂಚೆ ಕೈ ತೊಳೆಯಲು ಹೇಳಿಕೊಡುವ ಹಾಡು."

ಅಷ್ಟರಲ್ಲಿ ಸಲಹೆಗಾರರು ನೋಟ್‌ಬುಕ್ ಹಿಡಿದು ಬಂದು, ವರದಿಗೆ ಬೇಕು, ಅರ್ಥ ಹೇಳಿ ಎಂದರು. ಟೀಚರು ಸುಳ್ಳು ಹೇಳುವವರಲ್ಲ. ಒಂದೊಂದೇ ಸಾಲು ಹೇಳಿದರು. ಎರಡೂ ಕೈ ಸೇರಲಿ. ಕೊಳೆಯೆಲ್ಲ ಕರಗಲಿ. ಕಿರುಬೆರಳನ್ನೂ ಮರೆಯದಿರಿ. ಸೋಪಿನ ಸಾಲೊಂದನ್ನು ಮಾತ್ರ ಬಿಟ್ಟರು. ಸಲಹೆಗಾರರು ಬರೆದುಕೊಳ್ಳುತ್ತಾ, ಸಹಕಾರ ಎಂದರೆ ಇದೇ ಅಲ್ಲವೇ ಎಂದರು. ಅಂದೇ ಮೊದಲ ಸಲ ಕೋಟನ್ನೂ ಬಿಚ್ಚಿದರು.

ವರ್ಷದ ನಂತರ ಟೀಚರಿಂದ ಅಂಚೆಯಲ್ಲಿ ಸಂಸ್ಥೆಯ ಪುಸ್ತಿಕೆ ಬಂತು. ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ, 'ಕಿರುಬೆರಳನ್ನೂ ಮರೆಯದಿರಿ'. ಒಳಗೆ, ಇದು ಪುಟ್ಟ ದೇಶಗಳ ಸ್ವಾಭಿಮಾನದ ಕರೆ ಎಂದು ಎರಡು ಪುಟದ ವಿವರಣೆ. ಜೊತೆಗೆ ಟೀಚರ ಕಾಗದ.

"ಸಂಸ್ಥೆಯವರು ನಮ್ಮ ಸ್ಕೂಲು ನೋಡಲು ಬಂದಿದ್ದರು. ಮಕ್ಕಳು ಊಟಕ್ಕೆ ಮುಂಚೆ ಹಾಡು ಶುರು ಮಾಡಿದ ಕೂಡಲೇ ಎಲ್ಲರೂ ಎದ್ದು ಎದೆಯ ಮೇಲೆ ಕೈಯಿಟ್ಟು ನಿಂತರು. ಅವರ ಮರ್ಯಾದೆ ಉಳಿಸಬೇಕಲ್ಲ, ಅಂದಿನಿಂದ ನಮ್ಮ ಒಂದನೇ ಕ್ಲಾಸಿನವರು ಅಟೆನ್ಷನ್‌ನಲ್ಲಿ ನಿಂತೇ ಕೈ ತೊಳೆಯುತ್ತಿದ್ದಾರೆ."