ಅತ್ತೆಯ ಚೀಲದಲ್ಲಿದ್ದ ಇಂಟರ್ನೆಟ್ಟು

ಗಂಡ ಹೆಂಡತಿ ಎಷ್ಟೇ ಜಗಳವಾಡಲಿ, ಹತ್ತು ಹೆಜ್ಜೆಗಿಂತ ಹೆಚ್ಚು ದೂರ ಹೋಗಬಾರದು ಎಂದು ಯಾವ ಶಾಸ್ತ್ರದಲ್ಲಾದರೂ ಬರೆದಿದೆಯೋ ಇಲ್ಲವೋ ನನಗೆ ತಿಳಿಯದು. ಜಪಾನಿನಲ್ಲಿ ನಾವು ಬಾಡಿಗೆಗೆ ಪಡೆದ ಪುಟ್ಟ ವೈಫೈ ಡಬ್ಬಿ ಮಾತ್ರ ಹಾಗೆಂದು ಕಟ್ಟಪ್ಪಣೆ ಮಾಡಿತ್ತು. ಸೋಪಿನ ಪೆಟ್ಟಿಗೆಯಷ್ಟಿದ್ದ ಅದು ಯಾರ ಬಳಿ ಇರುತ್ತದೋ ಅವರ ಆಸುಪಾಸಿನಲ್ಲಷ್ಟೇ ಇಂಟರ್ನೆಟ್ಟು. ಮುನಿಸಿಕೊಂಡು ಬಿರಬಿರನೆ ನಡೆದವರು ಬೀದಿಯ ತಿರುವಿನಲ್ಲಿ ಮ್ಯಾಪು ಸ್ತಬ್ಧವಾದದ್ದೇ ತಲೆ ತಗ್ಗಿಸಿ ಹಿಂತಿರುಗಬೇಕು. ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಗಂಡ ಶ್ರೀಧರ ಜಗಳ ಮುಗಿಯುವ ಮುಂಚೆಯೇ ನನ್ನ ಪಕ್ಕಕ್ಕೆ ಬಂದು ನಿಂತದ್ದು ಆ ಪ್ರವಾಸದಲ್ಲಿ ಮಾತ್ರ. ಆ ಡಬ್ಬಿಯನ್ನು ಆರಿಸಿದವಳು ನಾನೇ ಎಂದು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಹೇಳಿಕೊಳ್ಳುವಾಗ ಅತ್ತೆಯ ಮುಖ ನೋಡುವುದಿಲ್ಲ, ಅದು ಬೇರೆ ವಿಷಯ. ಆ ವಿಷಯವನ್ನೇ ಈಗ ಹೇಳಹೊರಟಿರುವುದು.

ನಮ್ಮ ಮನೆ ಇರುವುದು ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ. ಶ್ರೀಧರನದು ಅಲ್ಲೇ ದೂರಸಂಪರ್ಕದ ಕಚೇರಿಯೊಂದರಲ್ಲಿ ಕೆಲಸ. ಊರಿಗೆಲ್ಲ ನೆಟ್ಟು ಎಲ್ಲಿ ಬರಬೇಕು, ಎಲ್ಲಿ ಬರುತ್ತಿಲ್ಲ ಎಂದು ನೋಡಿಕೊಳ್ಳುವವನು. ನಾನು ರೈಲಿನಲ್ಲಿ ಮಾರಿಸ್‌ಟೌನ್‌ಗೆ ಕೆಲಸಕ್ಕೆ ಹೋಗಿಬರುತ್ತೇನೆ. ವಿಮೆಯ ಕಚೇರಿ, ಮುಂದೆ ಬರಬಹುದಾದ ಅಪಾಯಗಳನ್ನು ಇಂದೇ ಊಹಿಸಿ ವರದಿ ಬರೆಯುವುದು ನನ್ನ ಕಸುಬು. ಇಂಥ ಇಬ್ಬರು ಸೇರಿ ಪ್ರವಾಸದ ಯೋಜನೆ ಹಾಕಿದರೆ ಅದರಲ್ಲಿ ತೂತು ಎಲ್ಲಿಂದ ಬರಬೇಕು? ವುಡ್‌ಬ್ರಿಡ್ಜ್‌ನ ಭಜನಾ ಮಂಡಳಿಯ ಸುಮಂಗಲಾ ಆಂಟಿ ಮಾತ್ರ, ಒಬ್ಬೊಬ್ಬರ ಫೋನಿಗೂ ಜಪಾನಿನ ನೆಟ್ಟು ಬರುವ ಒಂದೊಂದು ಇ-ಸಿಮ್ ಹಾಕಿಸಿಬಿಡು ವೀಣಾ, ಕಷ್ಟಪಡಬೇಡ ಎಂದು ಫೋನಿನಲ್ಲಿ ಹೇಳಿದ್ದರು. ನಾನು ನಕ್ಕೆ. ನಾಲ್ವರಿಗೆ ಒಂದು ಡಬ್ಬಿ ಸಾಕು, ಊರಿಗೆಲ್ಲ ಒಂದೇ ಬಾವಿ ಇದ್ದ ಹಾಗೆ ಎಂದೆ. ಬಾವಿ ಎದ್ದು ನಡೆದಾಡುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಶ್ರೀಧರನಂತೂ ಯಾರೂ ಕೈತಪ್ಪಿ ರೋಮಿಂಗ್ ಆನ್ ಮಾಡಿ ಬಿಲ್ಲು ಏರಿಸದಿರಲೆಂದು ನಮ್ಮ ನಾಲ್ಕೂ ಫೋನುಗಳ ರೋಮಿಂಗಿಗೆ ಫೋನ್ ಕಂಪನಿಯ ಖಾತೆಯಲ್ಲೇ ಬೀಗ ಹಾಕಿದ. ಹಾಕಿ, ಎದೆಯುಬ್ಬಿಸಿ, ಈಗ ನೋಡಿ ಎಂಬಂತೆ ನಮ್ಮ ಮುಖ ನೋಡಿದ್ದ.

ಇನ್ನು ಡಬ್ಬಿ ಯಾರ ಬಳಿ ಇರಬೇಕು ಎಂಬ ಪ್ರಶ್ನೆ. ಅದು ಪ್ರಶ್ನೆಯೇ ಆಗಲಿಲ್ಲ. ನಮ್ಮ ಮನೆಯಲ್ಲಿ ಯಾವ ವಸ್ತು ಕಳೆಯಬಾರದೋ ಅದು ಅತ್ತೆಯ ಚೀಲ ಸೇರುತ್ತದೆ. ಅತ್ತೆ ಗದಗಿನವರು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಅವರ ಕಂದು ಬಣ್ಣದ ಕೈಚೀಲದಲ್ಲಿ ನಮ್ಮೆಲ್ಲರ ಪಾಸ್‌ಪೋರ್ಟು, ಬಿ.ಪಿ. ಮಾತ್ರೆ, ಶೇಂಗಾ ಚಟ್ನಿಪುಡಿ, ಕಟಿಕಟಿ ಜೋಳದ ರೊಟ್ಟಿ, ಶ್ರೀಧರನ ಇನ್ನೊಂದು ಕನ್ನಡಕ. ಅವುಗಳ ನಡುವೆ ಟವೆಲ್ಲಿನಲ್ಲಿ ಸುತ್ತಿದ ವೈಫೈ ಡಬ್ಬಿಯೂ ಸೇರಿತು. ಅಂದಿನಿಂದ ನಾವು ಕೋಳಿಯ ಸುತ್ತ ಮರಿಗಳಂತೆ ಅತ್ತೆಯ ಸುತ್ತ ನಡೆಯತೊಡಗಿದೆವು. ಹದಿನಾಲ್ಕರ ಮಗಳು ನಿಧಿ, ಬಾಸ್ಕಿಂಗ್ ರಿಡ್ಜ್‌ನಲ್ಲಿ ಅಜ್ಜಿಯ ಪಕ್ಕ ಕೂರೆಂದರೆ ಹೋಂವರ್ಕ್ ನೆನಪಾಗುವವಳು, ಟೋಕಿಯೋದಲ್ಲಿ ಅಜ್ಜಿಯ ತೋಳು ಬಿಡಲಿಲ್ಲ. ಅಜ್ಜಿ ಬಾತ್‌ರೂಮಿಗೆ ಹೋದರೆ ಬಾಗಿಲಿಗೆ ಒರಗಿ ನಿಂತಿರುತ್ತಿದ್ದಳು. ಅತ್ತೆಗೆ ಇದೆಲ್ಲ ಗೊತ್ತಾಗದೆ ಇರುತ್ತದೆಯೇ? "ನನ್ನ ಮ್ಯಾಲಿನ ಪ್ರೀತಿ ಅಲ್ಲ ಬಿಡ, ಚೀಲದ ಮ್ಯಾಲಿಂದು. ಇರಲಿ, ಹೆಂಗರ ಬಂದ್ರಲ್ಲ ಹತ್ರ," ಎಂದು ನಗುತ್ತಿದ್ದರು.

ಅತ್ತೆಯ ಇನ್ನೊಂದು ವಿದ್ಯೆಯನ್ನು ಇಲ್ಲಿ ಹೇಳಲೇಬೇಕು: ಸೀಟು ಹಿಡಿಯುವುದು. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಇಡೀ ಕುಟುಂಬಕ್ಕೆ ಜಾಗ ಮಾಡಿದವರು ಅವರು. ಆ ಕೈಗುಣ ಅಮೆರಿಕಕ್ಕೆ ಬಂದ ಮೇಲೂ ಹೋಗಿಲ್ಲ. ಭಾನುವಾರ ನ್ಯೂಯಾರ್ಕಿಗೆ ಹೊರಟ ಖಾಲಿ ರೈಲಿನಲ್ಲೂ ಅವರು ಮೊದಲು ಹತ್ತಿ ಎದುರುಬದುರು ಸೀಟುಗಳ ಮೇಲೆ ಶಾಲು ಹಾಸಿ, ಯಾರೂ ಕೇಳದಿದ್ದರೂ "ಮಂದಿ ಬರೂದೈತಿ" ಎಂದು ಬೋಗಿಗೆಲ್ಲ ಕೇಳುವಂತೆ ಹೇಳುತ್ತಾರೆ. ಎಡಿಸನ್‌ನ ಸಭಾಂಗಣದಲ್ಲಿ ಯುಗಾದಿಯ ಕಾರ್ಯಕ್ರಮವಿದ್ದರೆ ಮುಂದಿನ ಸಾಲು ಅತ್ತೆಯದು. ಮುಜುಗರದಿಂದ ಮುಖ ಆಚೆ ತಿರುಗಿಸುತ್ತೇವೆ, ಆಮೇಲೆ ಹೋಗಿ ಆ ಸೀಟಿನಲ್ಲೇ ಆರಾಮಾಗಿ ಕೂರುತ್ತೇವೆ.

ಆ ದಿನ ಒಸಾಕಾದಿಂದ ನಾರಾದ ಜಿಂಕೆಗಳನ್ನು ನೋಡಲು ಹೊರಟಿದ್ದೆವು. ನಡುವೆ ಒಂದು ಸ್ಟೇಷನ್ನಿನಲ್ಲಿ ರೈಲು ಬದಲಾಯಿಸಬೇಕಿತ್ತು. ಅತ್ತೆ ವಾಡಿಕೆಯಂತೆ ಮೂವರನ್ನೂ ಸ್ಟೇಷನ್ನಿನ ಹೆಸರಿನ ಫಲಕದ ಕೆಳಗೆ ನಿಲ್ಲಿಸಿ ಫೋಟೋ ಹೊಡೆದರು. ಸ್ಟೇಷನ್ ಸ್ಟೇಷನ್ನಿಗೂ ಯಾಕೆ ಅತ್ತೆ, ದೇವಸ್ಥಾನ ಬಂದಾಗ ತೆಗೆದರೆ ಸಾಲದೇ ಎಂದು ನಾನು ಗೊಣಗಿದ್ದೆ. ಅಷ್ಟರಲ್ಲಿ ರೈಲು ಬಂತು. ಬಾಗಿಲು ತೆರೆಯಿತು. ಅತ್ತೆ ಚೀಲವನ್ನು ಎದೆಗವಚಿಕೊಂಡು ಒಳಗೆ ನುಗ್ಗಿದರು. ಶ್ರೀಧರ, ತಡಿ ತಡಿ, ಇದು ನಾರಾಕ್ಕೆ ಹೋಗೋದೇನಾ ನೋಡ್ತೀನಿ ಎಂದು ಪ್ಲಾಟ್‌ಫಾರ್ಮಿನಲ್ಲೇ ಫೋನು ತೆರೆದ. ಮ್ಯಾಪು ಸುತ್ತುತ್ತಲೇ ಇತ್ತು. ಸುತ್ತದೆ ಏನು ಮಾಡೀತು? ನೆಟ್ಟು ಅದಾಗಲೇ ರೈಲು ಹತ್ತಿ ಬೋಗಿಯ ಆ ಕೊನೆಗೆ ಸೀಟು ಹಿಡಿಯಲು ಹೋಗಿತ್ತು. ಮೂವರೂ ಆ ಸುತ್ತುವ ಚಕ್ರವನ್ನು ಬಗ್ಗಿ ನೋಡುತ್ತಿರುವಾಗ ಮಧುರವಾದ ಒಂದು ಗಂಟೆಯ ಸದ್ದಾಯಿತು. ಆ ದೇಶದಲ್ಲಿ ಅನಾಹುತಕ್ಕೂ ಒಳ್ಳೆಯ ಸಂಗೀತವಿರುತ್ತದೆ. ತಲೆ ಎತ್ತಿದೆ. ಬಾಗಿಲು ಮುಚ್ಚಿತ್ತು.

ಕಿಟಕಿಯ ಗಾಜಿನ ಆಚೆ ಅತ್ತೆ ಸಾಲು ಸೀಟುಗಳ ಮೇಲೆ ಶಾಲು ಹಾಸಿ ನಮ್ಮನ್ನು ಕರೆಯುತ್ತಿದ್ದರು. ಮುಖದಲ್ಲಿ ಗೆಲುವಿತ್ತು. ಆ ಗೆಲುವು ಹಾಗೆಯೇ ಇಳಿದು, ಬಾಯಿ ಏನೋ ಹೇಳಿ, ಅಂಗೈ ಗಾಜಿಗೆ ತಾಗಿದ್ದು ನನಗೆ ಈಗಲೂ ಕಾಣುತ್ತದೆ. ಪಾತ್ರೆ ತೊಳೆಯುವಾಗ ಕಾಣುತ್ತದೆ, ಮೀಟಿಂಗಿನಲ್ಲಿ ಕಾಣುತ್ತದೆ. ರೈಲು ಚಲಿಸಿತು. ನನ್ನ ಕೈಯಲ್ಲಿದ್ದ ಫೋನಿನಲ್ಲಿ ವೈಫೈನ ಗೆರೆಗಳು ಒಂದೊಂದಾಗಿ ಅಳಿದವು. ಕೊನೆಯ ಗೆರೆ ಹೋದಾಗ ರೈಲಿನ ಬಾಲವೂ ಕಾಣಲಿಲ್ಲ.

ಬಿ.ಪಿ. ಇರುವ ವಯಸ್ಸಾದ ಹೆಂಗಸು, ಜಪಾನಿ ಭಾಷೆಯ ಒಂದಕ್ಷರ ಬಾರದು, ಆ ರೈಲು ಎಲ್ಲಿಗೆ ಹೋಗುತ್ತದೆಂದು ನಮಗೇ ಗೊತ್ತಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ನಿಲ್ಲುತ್ತದೋ, ಊರೂರು ದಾಟಿ ಹಾರುತ್ತದೋ ಅದೂ ಗೊತ್ತಿಲ್ಲ. ಶ್ರೀಧರ ರೋಮಿಂಗ್ ಆನ್ ಮಾಡಲು ಹೋದ. ಬೀಗ ತೆಗೆಯಬೇಕಾದರೆ ಖಾತೆಗೆ ಲಾಗಿನ್ ಆಗಬೇಕು, ಲಾಗಿನ್ ಆಗಲು ಇಂಟರ್ನೆಟ್ಟು ಬೇಕು. ನಿಧಿ ಅಪ್ಪನನ್ನು ನೋಡಿ, "ಡ್ಯಾಡ್, ಯೂ ಲಾಕ್ಡ್ ಅಸ್ ಔಟ್? ದಿಸ್ ಈಸ್ ಲಿಟರಲಿ ಯುವರ್ ಜಾಬ್," ಎಂದಳು. ಸ್ಟೇಷನ್ನಿನಲ್ಲಿ ಪುಕ್ಕಟೆ ವೈಫೈ ಇತ್ತು. ಅದು ನನ್ನ ಇಮೇಲ್ ವಿಳಾಸ ಕೇಳಿತು, ಕೊಟ್ಟೆ. ನಿಮ್ಮ ಇಮೇಲ್ ತೆರೆದು ಖಚಿತಪಡಿಸಿ, ಆಮೇಲೆ ನೆಟ್ಟು ಕೊಡುತ್ತೇವೆ ಎಂದಿತು. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಯಾರೋ ಜಪಾನಿಗೆ ಮೊದಲೇ ಕೊಂಡೊಯ್ದಿದ್ದರು.

ಮುಂದಿನ ರೈಲು ಹಿಡಿದು ಹಿಂದೆಯೇ ಹೋಗೋಣ ಎಂದ ಶ್ರೀಧರ. ಅವರು ಇಳಿದು ವಾಪಸು ಬಂದರೆ ನಾವು ದಾರಿಯಲ್ಲಿ ಎದುರುಬದುರಾಗಿ ಹಾದುಹೋಗುತ್ತೇವಲ್ಲ ಎಂದೆ ನಾನು. ಹಾಗಾದರೆ ನೀನಿಲ್ಲಿರು, ನಾನೊಬ್ಬನೇ ಹೋಗುತ್ತೇನೆ ಎಂದ. ಆಮೇಲೆ ನಿನ್ನನ್ನು ಎಲ್ಲಿ ಹುಡುಕಲಿ ಎಂದೆ. ಆಫೀಸಿನಲ್ಲಿ ಇಂಥ ಸಂದಿಗ್ಧಗಳಿಗೆ ಕೋಷ್ಟಕ ಹಾಕಿ ಬಣ್ಣ ಬಳಿದು ಕೊಡುವವಳು ನಾನು. ಅಲ್ಲಿ ಒಂದು ರೈಲು ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಸಮವಸ್ತ್ರದ ಸಿಬ್ಬಂದಿಯೊಬ್ಬರ ಬಳಿ ಓಡಿದೆ. ಭಾಷಾಂತರ ಮಾಡುವ ಆ್ಯಪು ಕೂಡ ನೆಟ್ಟಿಲ್ಲದೆ ಮೂಕವಾಗಿತ್ತು. ಸೆರಗು ಹೊದ್ದಂತೆ, ಚೀಲ ಹಿಡಿದಂತೆ, ಬಾಗಿಲು ಮುಚ್ಚಿದಂತೆ ಅಭಿನಯ ಮಾಡಿದೆ. ಅವರು ಗಂಭೀರವಾಗಿ ನೋಡಿ, ತಲೆಬಾಗಿ, ಯಾರಿಗೋ ಫೋನು ಮಾಡತೊಡಗಿದರು. ಅಷ್ಟು ಹೊತ್ತಿಗೆ ನನ್ನ ಕಾಲಿನಲ್ಲಿ ಬಲ ಉಳಿದಿರಲಿಲ್ಲ. ಫಲಕದ ಕೆಳಗಿದ್ದ ಬೆಂಚಿನ ಮೇಲೆ ಕುಸಿದು ಕೂತೆ. ಶ್ರೀಧರನೂ ಬಂದು ಪಕ್ಕದಲ್ಲಿ ಕೂತ. ಪಾಸ್‌ಪೋರ್ಟು ಅವರ ಬಳಿ, ಔಷಧಿ ಅವರ ಬಳಿ, ರೊಟ್ಟಿ, ನೆಟ್ಟು, ಸೀಟು ಎಲ್ಲ ಅವರ ಬಳಿ. "ಕಳೆದುಹೋಗಿರೋದು ಅವ್ವನೋ, ನಾವೋ?" ಎಂದು ಅವನು ಮೆಲ್ಲಗೆ ಕೇಳಿದಾಗ ನನಗೆ ಅಳು ಬಂತು.

ನಿಧಿ ಫೋನು ಹಿಡಿದು ಅಲ್ಲೇ ಶತಪಥ ಹಾಕುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ನನ್ನದೂ, ಶ್ರೀಧರನದೂ ಶುರುವಾದವು. ನೋಡಿದರೆ ಮಸುಕಾಗಿ ಒಂದು ಗೆರೆ, ಅದರ ಮೇಲೆ ಇನ್ನೊಂದು. ಮೂವರೂ ಒಟ್ಟಿಗೆ ತಲೆ ಎತ್ತಿದೆವು. ಎದುರಿನ ಪ್ಲಾಟ್‌ಫಾರ್ಮಿಗೆ ರೈಲೊಂದು ಬಂದು ನಿಲ್ಲುತ್ತಿತ್ತು. "ಅಜ್ಜಿ ಬಂದ್ರು," ಎಂದಳು ನಿಧಿ, ಅಚ್ಚ ಕನ್ನಡದಲ್ಲಿ. ಅತ್ತೆ ಇನ್ನೂ ಕಂಡಿರಲಿಲ್ಲ. ಕೆಲವರು ದೊಡ್ಡವರು ಬರುವ ಮುಂಚೆ ಅವರ ಅತ್ತರಿನ ವಾಸನೆ ಬರುತ್ತದಂತೆ. ನಮ್ಮ ಅತ್ತೆ ಬರುವ ಮುಂಚೆ ನೆಟ್ಟು ಬಂತು. ರೈಲು ಮುಂದೆ ಸರಿದಾಗ ಆಚೆಯ ದಡದಲ್ಲಿ ಇಳಕಲ್ ಸೀರೆ, ಸ್ಪೋರ್ಟ್ಸ್ ಶೂ, ಎದೆಗವಚಿದ ಚೀಲ. ಪಕ್ಕದಲ್ಲಿ ಕೊಡೆ ಹಿಡಿದ ಜಪಾನಿ ಅಜ್ಜಿಯೊಬ್ಬರು ಅವರ ಮೊಣಕೈ ಹಿಡಿದುಕೊಂಡು ನಿಂತಿದ್ದರು.

ಮೆಟ್ಟಿಲು ಹತ್ತಿಳಿದು ಓಡಿ ಹೋಗಿ ಅಪ್ಪಿಕೊಂಡರೆ ಅತ್ತೆ ಮೊದಲು ಕೇಳಿದ್ದು, ರೊಟ್ಟಿ ತಿಂತೀರೇನು ಎಂದು. ಆದದ್ದು ಇಷ್ಟು. ಮುಂದಿನ ಸ್ಟೇಷನ್ನಿನಲ್ಲಿ ರೈಲು ನಿಂತಿದೆ, ಇವರು ಇಳಿದಿದ್ದಾರೆ. ಎದುರು ಸಿಕ್ಕ ಆ ಹಿರಿಯರಿಗೆ ತಮ್ಮ ಫೋನಿನ ಫೋಟೋ ತೋರಿಸಿದ್ದಾರೆ. ನಾನು ಗೊಣಗಿಕೊಂಡು ನಿಂತಿದ್ದ ಅದೇ ಫೋಟೋ: ಮೂರು ಜನ, ತಲೆಯ ಮೇಲೆ ಸ್ಟೇಷನ್ನಿನ ಹೆಸರು. ನೀವು ಕಳೆದುಹೋಗಿದ್ದೀರೆಂದು ಅವರಿಗೆ ಹೇಗೆ ತಿಳಿಸಿದಿರಿ ಎಂದು ಕೇಳಿದೆ. "ನಾ ಎಲ್ಲಿ ಕಳದಿದ್ದೆ? ನೀವು ಮೂರೂ ಮಂದಿ ಕಳದೀರಿ ಅಂತ ತೋರಿಸಿದೆ. ಪಾಪ, ಆಕಿಗೆ ನಿಮ್ಮ ಮ್ಯಾಲೆ ಭಾಳ ಕನಿಕರ ಬಂತು," ಎಂದರು. ಆ ಜಪಾನಿ ಅಜ್ಜಿ ನಿಜಕ್ಕೂ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ಸಿಕ್ಕಿದರಲ್ಲ ಎಂಬ ಸಮಾಧಾನದಿಂದ ತಲೆಬಾಗಿದರು. ನಾವೂ ಬಾಗಿದೆವು. ಅತ್ತೆ ಚೀಲದಿಂದ ಕರದಂಟಿನ ಪೊಟ್ಟಣ ತೆಗೆದು ಅವರ ಕೈಯಲ್ಲಿಟ್ಟರು. ಅದು ಚೀಲದಲ್ಲಿತ್ತೆಂದು ನಮಗಾರಿಗೂ ಗೊತ್ತೇ ಇರಲಿಲ್ಲ.

ಫೋನುಗಳು ಟಿಂಗ್‌ಗುಟ್ಟಿದ್ದು ಅತ್ತೆಯ ಧ್ವನಿಸಂದೇಶಗಳಿಗೆ. ಅವಸರದಲ್ಲಿ ಮನೆಯವರ ಗುಂಪಿಗೆ ಕಳಿಸುವ ಬದಲು, ನಮ್ಮ ಮೂವರನ್ನೂ ಬಲವಂತವಾಗಿ ಸೇರಿಸಿದ್ದ ನ್ಯೂಜೆರ್ಸಿಯ ಭಜನಾ ಮಂಡಳಿಯ ಗುಂಪಿಗೆ ಕಳಿಸಿದ್ದರು. "ವೀಣಾ, ನೀವು ಇದ್ದಲ್ಲೇ ನಿಂದರ್ರಿ. ನಾ ಬರತೀನಿ. ಎಲ್ಲೂ ಹೋಗಬ್ಯಾಡ್ರಿ." ವುಡ್‌ಬ್ರಿಡ್ಜ್‌ನಿಂದ ಹಿಡಿದು ಮಾರಿಸ್‌ಟೌನ್‌ವರೆಗಿನ ಆಂಟಿಯರೆಲ್ಲ, ಊಟ ಮುಗಿಸಿ ಕೂತವರು, ಅದನ್ನು ನಮಗಿಂತ ಮೊದಲು ಕೇಳಿದ್ದರು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ವೀಣಾ ಸಿಕ್ಕಳೇ, ಗಾಬರಿಯಾಗಬೇಡ ಅನ್ನಿ ಎಂಬ ಸಂದೇಶಗಳು. ಸುಮಂಗಲಾ ಆಂಟಿಯದು ಒಂದೇ ಸಾಲು: ಇ-ಸಿಮ್.

ವಾಪಸು ಬಂದ ಮೇಲೆ ಇಸೆಲಿನ್‌ನ ಅಂಗಡಿಯಲ್ಲಿ ಬೆಂಡೆಕಾಯಿ ಮುರಿದು ನೋಡುತ್ತಿದ್ದರೂ ಯಾರಾದರೂ ತಡೆದು, ಜಪಾನ್‌ನಲ್ಲಿ ಕಳೆದುಹೋಗಿದ್ರಂತೆ, ಈಗ ಹೇಗಿದೀರಿ ಎಂದು ಕೇಳುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ; ಈಗೀಗ, ಹುಷಾರಾಗಿದ್ದೇನೆ ಎಂದಷ್ಟೇ ಹೇಳುತ್ತೇನೆ. ಅತ್ತೆಯ ಹೆಸರು ಮಾತ್ರ ಮೇಲೇರಿದೆ. ಯಾರ ಮನೆಯವರು ಎಲ್ಲಿಗೆ ಪ್ರವಾಸ ಹೊರಟರೂ ಅವರನ್ನು ಒಂದು ಮಾತು ಕೇಳುತ್ತಾರೆ. ನನಗೆ ಒಳಗೊಳಗೇ ಎಂಥ ಹೆಮ್ಮೆ ಎಂದರೆ, ಸ್ಟೇಷನ್ನಿನ ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ ಹಾಲ್‌ನ ಗೋಡೆಗೆ ನೇತುಹಾಕಿದ್ದೇನೆ, ನನ್ನ ಗೊಣಗುವ ಮುಖದ ಸಮೇತ.

ಮೊನ್ನೆ ನಮ್ಮ ಮನೆಯಲ್ಲಿ ಭಜನೆ ಇತ್ತು. ಆ ಫೋಟೋದ ಕೆಳಗೆ ಕೂತು ಅತ್ತೆ ಕತೆ ಹೇಳಿದರು. ಎಲ್ಲರೂ ಹೊಗಳತೊಡಗಿದಾಗ ಕೈ ಎತ್ತಿ ತಡೆದರು. "ನಂದೇನೂ ಹೆಚ್ಚಿಂದಿಲ್ಲರಿ. ಶಾಣ್ಯಾಕಿ ನನ್ನ ಸೊಸಿ. ನಿಂದ್ರು ಅಂದೆ, ನಿಂತ ಜಾಗ ಬಿಟ್ಟು ಒಂದ್ ಹೆಜ್ಜಿ ಸರೀಲಿಲ್ಲ. ಆಕಿ ಹುಡುಕಾಕ ಬಂದಿದ್ರ ಇವತ್ತಿಗೂ ನಾವು ಅಲ್ಲೇ ತಿರಗತಿದ್ವಿ. ಈಗಿನ ಕಾಲದಾಗ ಹೇಳಿದ ಮಾತು ಇಷ್ಟು ಕೇಳೋ ಸೊಸಿ ಯಾರಿಗೆ ಸಿಗತಾಳ?" ಆಂಟಿಯರೆಲ್ಲ ನನ್ನತ್ತ ತಿರುಗಿದರು. ಶ್ರೀಧರ ಕೆಮ್ಮಿದ. ಆ ಸಂದೇಶ ನನಗೆ ಮುಟ್ಟಿದ್ದು ಅತ್ತೆ ಎದುರಿಗೆ ಬಂದ ಮೇಲೆ ಎಂದೂ, ನಾನು ನಿಂತಿರಲಿಲ್ಲ, ಕಾಲು ಸೋತು ಕೂತಿದ್ದೆ ಎಂದೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸುಮಂಗಲಾ ಆಂಟಿ, ನಮ್ಮ ಸೊಸೆಗೂ ಸ್ವಲ್ಪ ಹೇಳಿಕೊಡಮ್ಮ ಎಂದರು. ಕಾಫಿ ತರುತ್ತೇನೆಂದು ಎದ್ದು, ತಲೆ ಎತ್ತಿಕೊಂಡೇ ಅಡುಗೆಮನೆಗೆ ನಡೆದೆ.