ನಾಲ್ಕನೆಯ ಆಸಾಮಿ

ಗೇಟಿನ ಚಿಲಕ ಸದ್ದಾದರೆ ಸಾಕು, ಮುನಿಗಂಗಪ್ಪನವರು ಪೇಪರು ಮಡಿಸಿ, ಪಂಚೆ ಸರಿಮಾಡಿಕೊಂಡು, ಮುಖದ ಮೇಲೆ ಒಂದು ಸ್ವಾಗತ ಸಮಾರಂಭವನ್ನೇ ಏರ್ಪಡಿಸಿಕೊಂಡು ಬಾಗಿಲಿಗೆ ಬರುತ್ತಿದ್ದರು. ಬಂದವರು ಅವರ ಹೆಗಲ ಮೇಲಿಂದ ಇಣುಕಿ, "ಗೋಪಾಲಮ್ಮೋರು ಇಲ್ವಾ?" ಎನ್ನುತ್ತಿದ್ದರು.

ಸಂಜಯನಗರದ ಆ ಬೀದಿಯಲ್ಲಿ ಯಾರ ಮಗಳಿಗೆ ಗಂಡು ನೋಡಬೇಕಾದರೂ, ಯಾರ ಮನೆ ಹಪ್ಪಳ ಒಣಗಬೇಕಾದರೂ, ಯಾವ ಮಗುವಿನ ದೃಷ್ಟಿ ತೆಗೆಯಬೇಕಾದರೂ ಅವರ ಹೆಂಡತಿ ಗೋಪಾಲಮ್ಮನೇ ಆಗಬೇಕು. ಕಾರ್ಖಾನೆಯಿಂದ ಹೋದ ವರ್ಷ ನಿವೃತ್ತರಾದ ಮುನಿಗಂಗಪ್ಪನವರು ಯಾರಿಗೂ ಬೇಡ. ಹಾಲಿನವನು ಕೂಡ "ಅಮ್ಮಾವ್ರು ಬಂದ್ಮೇಲೆ ಬರ್ತೀನಿ" ಎಂದು ಕ್ಯಾನು ಎತ್ತಿಕೊಂಡು ಹೋದದ್ದುಂಟು. (ಪಾತ್ರೆ ಹಿಡಿದು ಹಾಲು ಹಾಕಿಸಿಕೊಳ್ಳುವ ಯೋಗ್ಯತೆಯೂ ತಮಗಿಲ್ಲವೇ ಎಂದು ಅವರು ಆವತ್ತು ಹಾಲಿಲ್ಲದ ಕಾಫಿ ಕುಡಿಯುತ್ತ ಬಹಳ ಹೊತ್ತು ಯೋಚಿಸಿದರು.)

ಹೀಗಿರುವಾಗ ಒಂದು ಬೆಳಿಗ್ಗೆ ಹಿಂದಿನ ಬೀದಿಯ ರಾಮಕೃಷ್ಣಪ್ಪ, ಅವರ ಸ್ನೇಹಿತ ಜಿಯಾವುಲ್ಲಾ, ಜಿಯಾವುಲ್ಲಾನ ಭಾಮೈದ ದಸ್ತಗೀರ್ ಒಟ್ಟಿಗೇ ಬಂದರು. ಮೂವರೂ ಸೇರಿ ಆರ್.ಟಿ. ನಗರದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಹಾಕುವವರಿದ್ದರು.

"ಅವಳು ಇಲ್ಲ," ಎಂದರು ಮುನಿಗಂಗಪ್ಪನವರು, ಅಭ್ಯಾಸಬಲದಿಂದ.

"ಅಮ್ಮಾವ್ರು ಬೇಡ ಸಾರ್, ನೀವೇ ಬೇಕು," ಎಂದರು ಜಿಯಾವುಲ್ಲಾ. "ಅಂಗಡಿ ಜಾಗ ನೋಡೋಕ್ ಹೊರಟಿದ್ದೀವಿ. ಸ್ವಲ್ಪ ಜೊತೆಗ್ ಬಂದ್ಬಿಡಿ."

ಮುನಿಗಂಗಪ್ಪನವರು ಒಳಗೆ ಹೋಗಿ ಷರ್ಟಿನ ಗುಂಡಿಗಳನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡು ಬಂದರು. ಅಷ್ಟು ಅವಸರ.

ಆಮೇಲೆ ಶಾಮಿಯಾನದ ಬಟ್ಟೆ ಕೊಳ್ಳಲು ಹೊರಟಾಗ ಕರೆ ಬಂತು, ಅಡುಗೆಯ ದೊಡ್ಡ ಕೊಳದಪ್ಪಲೆ ನೋಡಲು ಹೊರಟಾಗಲೂ ಬಂತು. ಕೆಲಸ ಮುಗಿದ ಮೇಲೆ ಹೋಟೆಲಿನಲ್ಲಿ ನಾಲ್ವರಿಗೂ ಕಾಫಿ. ಮುನಿಗಂಗಪ್ಪನವರು ಶಾಮಿಯಾನದ ಬಣ್ಣದಿಂದ ಹಿಡಿದು ಕುರ್ಚಿಯ ಕಾಲಿನವರೆಗೆ ಸಲಹೆ ಕೊಟ್ಟರು. ಜನ್ಮದಲ್ಲಿ ವ್ಯಾಪಾರ ಮಾಡದಿದ್ದುದರಿಂದ ಅವರ ಸಲಹೆಗಳಿಗೆ ಯಾವ ಅಡೆತಡೆಯೂ ಇರಲಿಲ್ಲ.

"ಬಿಸ್ನೆಸ್ ಅಂದ್ರೆ ಏನಂತ ತಿಳ್ಕೊಂಡಿದ್ದೀಯ?" ಎಂದು ಮನೆಗೆ ಬಂದು ಹೆಂಡತಿಯನ್ನು ಕೇಳಿದರು. "ಗೊತ್ತಿಲ್ಲದ್ದಕ್ಕೆ ಧೈರ್ಯವಾಗಿ ಕೈ ಹಾಕೋದು!"

"ಗೊತ್ತಿಲ್ಲದ್ದು ನಿಮಗೆ ಬೇಕಾದಷ್ಟಿದೆ, ಎರಡೂ ಕೈ ಹಾಕಿ," ಎಂದರು ಗೋಪಾಲಮ್ಮ. ಆಮೇಲೆ ಏನೋ ಹೇಳಲು ಹೋಗಿ, ಗಂಡನ ಮುಖ ನೋಡಿ, "ಇನ್ನೊಂದ್ ಚಪಾತಿ ಹಾಕ್ಲಾ?" ಎಂದರು.

ಮುಂದಿನ ವಾರ ಮೂವರೂ ಬಂದಾಗ ಮುನಿಗಂಗಪ್ಪನವರು ಸ್ನಾನಕ್ಕೆ ಹೋಗಿದ್ದರು. ಅವರು ಬರುವವರೆಗೂ ಮೂವರೂ ಗೇಟಿನಲ್ಲೇ ಕಾದರು. ಹೋಟೆಲಿನಲ್ಲಿ ಕೂತಾಗ ರಾಮಕೃಷ್ಣಪ್ಪ ಹೇಳಿದರು: "ಒಳ್ಳೇ ಕೆಲಸಕ್ಕೆ ಮೂರು ಜನ ಹೋಗ್ಬಾರ್ದು ನೋಡಿ, ಅದಕ್ಕೇ ಕಾದ್ವಿ."

ಈ ಮಾತಿನ ಮೊದಲ ಅರ್ಧ ಮುನಿಗಂಗಪ್ಪನವರ ಕಿವಿಗೆ ಬಿತ್ತು. ಉಳಿದರ್ಧ ಬೀಳುವಷ್ಟರಲ್ಲಿ ಅವರೊಳಗಿನ ವಿಚಾರವಾದಿ ಎದ್ದು ನಿಂತಿದ್ದ.

"ಏನ್ ರಾಮಕೃಷ್ಣಪ್ಪ, ಬಿಸ್ನೆಸ್ ಮಾಡೋರು ಅಂಕಿಗೆ ಹೆದರ್ತಾರೇನ್ರೀ? ಮೂರಕ್ಕೆ ಏನ್ ಕಮ್ಮಿ? ತ್ರಿಮೂರ್ತಿಗಳು ಮೂರೇ ಜನ, ಪ್ರಪಂಚ ನಡೀತಿಲ್ವಾ? ಆಟೋಗೆ ಮೂರು ಚಕ್ರ, ಓಡ್ತಿಲ್ವಾ? ಮೇಲೆ ನೋಡಿ, ಫ್ಯಾನಿಗೆ ಎಷ್ಟು ರೆಕ್ಕೆ? ಗಾಳಿ ಬರ್ತಿಲ್ವಾ?"

ರಾಮಕೃಷ್ಣಪ್ಪ ಬಾಯಿ ತೆರೆದು ಫ್ಯಾನು ನೋಡಿದರು. ಗಾಳಿ ಬರುತ್ತಿತ್ತು.

"ನಾನ್ ಮೊದಲ್ನಿಂದ ಇದೇ ಹೇಳ್ತಿದ್ದೀನಿ ಸಾರ್, ಕೇಳಬೇಕಲ್ಲ ಇವ್ರು," ಎಂದರು ಜಿಯಾವುಲ್ಲಾ.

"ನೀವ್ ಹೇಳೋದು ಸರಿ," ಎಂದರು ರಾಮಕೃಷ್ಣಪ್ಪ ಕೊನೆಗೆ. "ಸುಮ್ನೆ ನಿಮಗೆ ಇಷ್ಟು ದಿನ ತೊಂದ್ರೆ ಕೊಟ್ವಿ."

"ಛೆ ಛೆ, ತೊಂದ್ರೆ ಏನ್ ಬಂತು!" ಎಂದು ಮುನಿಗಂಗಪ್ಪನವರು ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಯಂತೆ ಕಾಫಿ ಹೀರಿದರು.

ಮಾರನೆಯ ದಿನ ಯಾರೂ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಚಿಲಕ ಸದ್ದಾದಾಗಲೆಲ್ಲ ಮುನಿಗಂಗಪ್ಪನವರು ಎದ್ದರು. ಬಂದವರಿಗೆಲ್ಲ ಗೋಪಾಲಮ್ಮನೇ ಬೇಕಾಗಿದ್ದರು. ಒಂದು ದಿನ ಗೇಟಿನಲ್ಲಿ ನಿಂತಿದ್ದಾಗ ಎದುರಿಗೇ ಒಂದು ಆಟೋ ಹಾದುಹೋಯಿತು. ಒಳಗೆ ಮೂವರೂ ಇದ್ದರು. ದಸ್ತಗೀರ್ ಕೈ ಬೀಸಿದ. ಮುನಿಗಂಗಪ್ಪನವರೂ ಬೀಸಿದರು. ಆಟೋ ತಿರುವು ದಾಟಿದ ಮೇಲೂ ಕೈ ಇಳಿಸುವುದು ಮರೆತಿತ್ತು.

"ಮೂರೇ ಜನ ಹೋದ್ರು ಕಣೇ," ಎಂದರು ಒಳಗೆ ಬಂದು.

ಗೋಪಾಲಮ್ಮ ಅಕ್ಕಿ ಆರಿಸುತ್ತಿದ್ದರು. "ನಿಮ್ಮನ್ನ ಕರೀತಿದ್ದದ್ದೇ ಮೂರು ನಾಲ್ಕಾಗ್ಲಿ ಅಂತ. ಬೀದಿಗೆಲ್ಲ ಗೊತ್ತು."

"ನಿನಗೂ ಗೊತ್ತಿತ್ತಾ?"

"ಖುಷಿಯಾಗಿದ್ರಲ್ಲ, ನಾನ್ಯಾಕ್ ಬಾಯ್ ಹಾಕ್ಲಿ ಅಂತ ಸುಮ್ನಿದ್ದೆ."

ಮುನಿಗಂಗಪ್ಪನವರು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಆರ್.ಟಿ. ನಗರದ ಅಂಗಡಿಗೆ ನಡೆದರು. ವಿಚಾರವಾದವನ್ನು ಹೆಬ್ಬಾಳದ ಕೆರೆಗೆ ಬಿಡಲು ಅವರು ಸಿದ್ಧರಾಗಿದ್ದರು.

"ರಾಮಕೃಷ್ಣಪ್ಪ, ಕೂತು ಯೋಚನೆ ಮಾಡ್ದೆ. ಮೂರು ಒಳ್ಳೇದಲ್ಲ ಕಣ್ರೀ."

"ಮತ್ತೆ ತ್ರಿಮೂರ್ತಿಗಳು?"

"ಅವ್ರು ದೇವ್ರು, ನಡೆಯುತ್ತೆ. ನಮ್ಮಂಥೋರಿಗೆ ಆಗ್ಬರಲ್ಲ."

"ಆಟೋ?"

"ವಾರಕ್ಕೊಂದ್ ಪಲ್ಟಿ ಹೊಡೆಯೋದು ಪೇಪರಲ್ಲಿ ಓದಲ್ವಾ?"

ರಾಮಕೃಷ್ಣಪ್ಪನ ಮುಖ ಅರಳಿತು. "ನನ್ ಮನಸ್ಸಿನಲ್ಲೂ ಅದೇ ಕೊರೀತಿತ್ತು ಸಾರ್! ಅದಕ್ಕೇ ನೋಡಿ..." ಎಂದು ಜೇಬಿನಿಂದ ನಿಂಬೆಗಾತ್ರದ ಒಂದು ನುಣುಪು ಕಲ್ಲು ತೆಗೆದರು. "ಮೂರು ಜನ ಆದಾಗ ಒಂದು ಕಲ್ಲು ಇಟ್ಕೊಂಡ್ರೆ ನಾಲ್ಕಾಗುತ್ತೆ ಅಂತ ನಮ್ಮಮ್ಮ ನೆನಪು ಮಾಡಿದ್ರು. ಪಾಪ, ನಿಮಗೂ ಓಡಾಟ ತಪ್ತು."

"ಎಷ್ಟು ಚೆನ್ನಾಗಿದೆ ಅಂದ್ರೆ, ಮಾತೇ ಆಡಲ್ಲ ಸಾರ್," ಎಂದ ದಸ್ತಗೀರ್. ಜಿಯಾವುಲ್ಲಾ ಅವನ ಕಾಲು ತುಳಿದರು.

ಮುನಿಗಂಗಪ್ಪನವರು ತಮ್ಮ ಉತ್ತರಾಧಿಕಾರಿಯನ್ನು ಕೈಗೆ ತೆಗೆದುಕೊಂಡು ನೋಡಿದರು. ಜೇಬಿನಲ್ಲಿದ್ದು ಬೆಚ್ಚಗಾಗಿತ್ತು. "ಚೆನ್ನಾಗಿದೆ," ಎಂದು ಹಿಂದಿರುಗಿಸಿದರು.

ಮನೆ ಹತ್ತಿರ ಬಂದಾಗ ಗೋಪಾಲಮ್ಮ ಹಸಿರು ಸೀರೆ ಉಟ್ಟು, ಅದೇ ಬೀದಿಯ ರತ್ನಕ್ಕ ಮತ್ತು ಸೊಣ್ಣಮ್ಮನೊಂದಿಗೆ ಗೇಟಿನಲ್ಲಿ ಬಗ್ಗಿ ನೆಲದಲ್ಲಿ ಏನೋ ಹುಡುಕುತ್ತಿದ್ದರು.

"ಸದ್ಯ, ಬಂದ್ರಲ್ಲ! ರತ್ನಕ್ಕನ ಮಗಳಿಗೆ ಗಂಡಿನ ಮನೆ ನೋಡೋಕ್ ಹೊರಟಿದ್ದೀವಿ, ಮೂರ್ ಜನ ಆಗ್ಬಿಟ್ವಿ. ಈ ಹಾಳು ರೋಡಿಗೆ ಟಾರ್ ಹಾಕಿದ್ಮೇಲೆ ಒಂದ್ ಕಲ್ಲೂ ಸಿಗಲ್ಲ. ಬಸ್ ಸ್ಟಾಪ್‌ವರೆಗೆ ಬಂದ್ಬಿಡಿ, ಸಾಕು."

ಮುನಿಗಂಗಪ್ಪನವರು ಚಪ್ಪಲಿಯನ್ನೂ ಕಳಚದೆ ಹಿಂದೆಯೇ ನಡೆದರು. ಬಸ್ಸು ಬಂತು. ಹೆಂಗಸರು ಮುಂದಿನ ಬಾಗಿಲಲ್ಲಿ ಹತ್ತಿದರು. ಒಂದು ಕ್ಷಣ ನಿಂತಿದ್ದ ಮುನಿಗಂಗಪ್ಪನವರು, ಬಸ್ಸು ಅಲುಗಿದಾಗ, ಹಿಂದಿನ ಬಾಗಿಲಲ್ಲಿ ಹತ್ತಿಬಿಟ್ಟರು.

"ಎಲ್ಲಿಗೆ?" ಎಂದ ಕಂಡಕ್ಟರ್.

ಗಂಡಿನ ಮನೆ ಯಾವ ಊರಲ್ಲಿದೆಯೆಂದು ಅವರು ಕೇಳಿರಲೇ ಇಲ್ಲ. "ಮುಂದೆ ಹಸಿರು ಸೀರೆ ಇದ್ದಾರಲ್ಲ, ಅವ್ರು ಎಲ್ಲಿಗ್ ತಗೊಂಡ್ರೋ ಅಲ್ಲಿಗೇ ಒಂದು ಕೊಡಪ್ಪ."

ಕಂಡಕ್ಟರ್ ಅವರ ನರೆತ ತಲೆಯನ್ನೊಮ್ಮೆ ನೋಡಿದ. "ಈ ವಯಸ್ಸಲ್ಲಿ ಹೆಂಗಸರ ಹಿಂದೆ ಬಿದ್ದಿದ್ದೀರಲ್ಲ ಯಜಮಾನ್ರೇ, ನಾಚ್ಕೆ ಆಗಲ್ವಾ?" ಎಂದವನೇ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ: "ಏನಮ್ಮಾ ಹಸಿರು ಸೀರೆ, ಇವ್ರು ನಿಮಗೆ ಗೊತ್ತಾ?"

ಬಸ್ಸೆಲ್ಲ ತಿರುಗಿ ನೋಡಿತು. ಗೋಪಾಲಮ್ಮನೂ ನೋಡಿದರು.

"ನೀವ್ಯಾಕ್ರೀ ಹತ್ತಿದ್ರಿ?"

"ವಾಪಸ್ ಬರುವಾಗ್ಲೂ ಮೂರೇ ಜನ ಆಗ್ತೀರಲ್ಲೇ," ಎಂದರು ಮುನಿಗಂಗಪ್ಪನವರು ಮೆಲ್ಲಗೆ.

ಗೋಪಾಲಮ್ಮ ಸೆರಗು ಸರಿಮಾಡಿಕೊಂಡು ಕಂಡಕ್ಟರಿಗೆ ಹೇಳಿದರು: "ನಮ್ ಜೊತೆಯೋರೇ ಕಣಪ್ಪ. ಯಶವಂತಪುರಕ್ಕೆ ಇನ್ನೊಂದು ಕೊಡು."