ಬಾಗ್ಲು ಬಡಿದ್ರೆ ಎಬ್ಬಿಸು

...ಅಥವಾ ಆ ಸದ್ದು ಟೀವಿಯೊಳಗಿಂದಲೇ ಬಂದಿತ್ತೇನೋ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ. ಇಷ್ಟು ಮಾತ್ರ ಖಚಿತ: ಹಿರಿಯೂರಿನ ನನ್ನ ಸೋದರತ್ತೆಯಷ್ಟು ವಿಚಿತ್ರವಾಗಿ ಸಿನಿಮಾ ನೋಡುವವರು ಈ ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ!

ಅತ್ತೆಗೆ ಒಂದೇ ಬಗೆಯ ಸಿನಿಮಾ ಬೇಕು. ನಾಜಿಗಳು ಯೆಹೂದಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದ ಕಾಲದಲ್ಲಿ ಅವರನ್ನು ಮನೆಯೊಳಗೆ ಬಚ್ಚಿಟ್ಟು ಉಳಿಸಿದ ಬೇಕರಿಯವರು, ಬಟ್ಟೆ ಒಗೆಯುವವರು, ಶಾಲೆ ಮೇಷ್ಟ್ರುಗಳು, ಇಂಥವರ ಕಥೆ. ಚಿತ್ರದುರ್ಗದಿಂದ ಹೋಗುವಾಗಲೆಲ್ಲ ನಾನು ಪೆನ್‌ಡ್ರೈವಿನಲ್ಲಿ ಒಂದನ್ನು ಒಯ್ಯಬೇಕು. ಯುದ್ಧ ಶುರುವಾದರೆ ಅತ್ತೆ ದಿಂಬಿಗೆ ಒರಗಿ ಕಣ್ಣು ಮುಚ್ಚುತ್ತಾಳೆ.

"ಟ್ಯಾಂಕು ಬಂದ್ರೆ ಎಬ್ಬಿಸಬ್ಯಾಡ. ಬಾಗ್ಲು ಬಡಿದ್ರೆ ಎಬ್ಬಿಸು."

"ಅವರ ಮಾತು ನಿಂಗೆ ತಿಳಿಯುತ್ತಾ ಅತ್ತೆ?"

"ಬಾಗ್ಲು ಬಡಿಯಾಕೆ ಯಾವ ಭಾಷೆ ಬೇಕಲೇ?"

ತೆರೆಯ ಮೇಲಿನ ಹೆಂಗಸರಿಗೆ ಬೈಗುಳ ಬೇರೆ! "ಅಯ್ಯೋ, ಮಕ್ಕಳ ಬಟ್ಟೆ ಹೊರಗೆ ಒಣಗಾಕಿದಾಳಲ್ಲ! ಮಕ್ಳಿಲ್ಲದ ಮನೆ ಅಂತ ಬೀದಿಗೆಲ್ಲ ಗೊತ್ತೈತೆ!" ಸಿನಿಮಾ ಮುಗಿದ ಮೇಲೆ ಮಾತ್ರ ಸುಮ್ಮನಾಗುತ್ತಾಳೆ. ಒಮ್ಮೆ ಕೇಳಿದಳು: "ಇವರು ಉಳಿದ್ರು. ಉಳಿಯದೇ ಹೋದೋರ ಸಿನಿಮಾ ಯಾರು ತೆಗೀತಾರೆ?"

ನೆಂಟರ ಮನೆಗೆ ಹೋದರೆ ಅತ್ತೆ ದೇವರಮನೆಗಿಂತ ಮೊದಲು ಅಟ್ಟ ನೋಡುತ್ತಾಳೆ. ಹೊಳಲ್ಕೆರೆಯಲ್ಲಿ ನನ್ನ ತಂಗಿಯ ಗೃಹಪ್ರವೇಶ. ಎಲ್ಲರೂ ನೆಲದ ಗ್ರಾನೈಟ್ ಹೊಗಳುತ್ತಿದ್ದರೆ ಅತ್ತೆ ತಲೆಯೆತ್ತಿ ತಾರಸಿ ನೋಡುತ್ತಿದ್ದಳು.

"ಎಲ್ಲಾ ಚೆನ್ನಾಗೈತೆ. ಯಾರಾದ್ರೂ ಓಡಿ ಬಂದ್ರೆ ಎಲ್ಲಿ ಇಡ್ತೀಯಪ್ಪ?"

"ಯಾರು ಓಡಿ ಬರ್ತಾರೆ ಅತ್ತೆ?" ಎಂದ ತಂಗಿಯ ಗಂಡ.

"ಅದು ಮೊದ್ಲೇ ಗೊತ್ತಾಗ್ತದೇನು?"

ಅವನು ಏನು ಮಾಡಬೇಕು ಪಾಪ! ಇನ್ನೊಂದು ಹೋಳಿಗೆ ಬಡಿಸಿದ.

ಅವಳ ಮನೆಯಲ್ಲಂತೂ ದೊಡ್ಡ ಅಟ್ಟವಿದೆ. ಕೊಬ್ಬರಿಯಾಗಲೆಂದು ಅದರ ತುಂಬ ತೆಂಗಿನಕಾಯಿ ಸುರಿದಿದ್ದಾಳೆ. ಇಲಿ ಓಡಿದರೂ ಸಾಕು, ಒಣಗಿದ ಕಾಯಿ ಗುಡುಗುಡು ಉರುಳುತ್ತವೆ. ಬಂದವರು ಬೆಚ್ಚಿದರೆ ಅತ್ತೆ ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಮಾತಾಡ್ರಿ, ಮ್ಯಾಲೆ ಜನ ಅವ್ರೆ" ಎನ್ನುತ್ತಾಳೆ. ಬೀದಿಗೆಲ್ಲ ಇದು ಹಳೇ ನಗೆ. ಹಾಲಿನವನೂ ಬಿಡುತ್ತಿರಲಿಲ್ಲ: "ಅಟ್ಟದೋರಿಗೂ ಸೇರಿಸಿ ಹಾಕ್ಲಾ ಅಮ್ಮ?"

ಹಿಂದಿನ ಬೀದಿಯಲ್ಲಿ ಒಬ್ಬ ಸೊಸೆಗೆ ಹೊಡೆತ ಬೀಳುತ್ತಿತ್ತು. ಎಲ್ಲರಿಗೂ ಕೇಳುತ್ತಿತ್ತು. ಎಲ್ಲರೂ ಟೀವಿಯ ಸದ್ದು ಏರಿಸುತ್ತಿದ್ದರು.

ಒಂದು ದಿನ ಬೆಳಿಗ್ಗೆಯೇ ಅತ್ತೆ ಫೋನು ಮಾಡಿ, ಸಿನಿಮಾ ತಗೊಂಡು ಬಾ ಎಂದಳು. ಮಧ್ಯಾಹ್ನ ಇಬ್ಬರೂ ನೋಡುತ್ತ ಕೂತಿದ್ದಾಗ ಯಾರೋ ಬಾಗಿಲು ಬಡಿದರು. ತೆರೆಯ ಮೇಲೂ ಅದೇ ಹೊತ್ತಿಗೆ ಸೈನಿಕರು ಬಾಗಿಲು ಬಡಿದರೆಂದು ನೆನಪು ಹೇಳುತ್ತದೆ. ಇಷ್ಟು ಅಚ್ಚುಕಟ್ಟಾದ ನೆನಪಿನ ಮೇಲೆ ನನಗೆ ಅನುಮಾನ. ತೆರೆದರೆ ಆ ಸೊಸೆಯ ಗಂಡ. ಹಿಂದೆ ಅವನ ಅಣ್ಣ, ಕೈಯಲ್ಲಿ ದೊಣ್ಣೆ.

"ದೊಡ್ಡಮ್ಮ, ನಮ್ಮೋಳು ಈ ಕಡೆ ಬಂದ್ಲೇನು?"

ಮೇಲೆ ಏನೋ ಸದ್ದಾಯಿತು. ಕಾಯಿಯೇ? ಇಲಿಯೇ? ಸಿನಿಮಾದ್ದೇ? ಅಣ್ಣ ತಲೆಯೆತ್ತಿದ. "ಅದೇನದು?"

ಅತ್ತೆ ಕೂತಲ್ಲಿಂದ ಏಳಲಿಲ್ಲ. "ನಿಮ್ಮೋಳೇ ಕಣಪ್ಪ, ಅಟ್ಟದ ಮ್ಯಾಲೆ ಕುಂತವ್ಳೆ. ಏಣಿ ಹಿತ್ಲಾಗೈತೆ, ತಂದು ಹತ್ರಿ."

ಅವರು ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವನು ಗಂಡ. "ನಡಿಯಣ್ಣ ಹೋಗಾಣ. ಈ ಯಮ್ಮನ ಅಟ್ಟದಾಗೆ ಇಡೀ ಊರೇ ಐತೆ."

ಹೋದರು. ಅತ್ತೆ ಎದ್ದು ಚಿಲಕ ಹಾಕಿದಳು. ಎಂದೂ ಮೈ ಮುಟ್ಟಿ ಮಾತಾಡಿಸದವಳು ನನ್ನ ಭುಜಕ್ಕೆ ಹಣೆಯಿಟ್ಟಳು. ಮೈಯೆಲ್ಲ ನಡುಗುತ್ತಿತ್ತು. "ಟೀವಿ ಆರಿಸಬ್ಯಾಡ" ಎಂದಳು. ಬಹಳ ಹೊತ್ತಿನ ಮೇಲೆ, "ನೀನಿನ್ನು ಹೊರಡಪ್ಪ, ಬಸ್ ಸಿಗ್ತೈತೆ."

ಆ ಹುಡುಗಿ ಈಗ ಹೊಸದುರ್ಗದ ಹತ್ತಿರ ಅಕ್ಕನ ಮನೆಯಲ್ಲಿದ್ದಾಳಂತೆ, ಬಟ್ಟೆ ಹೊಲಿಯುತ್ತಾಳಂತೆ. ಅವಳು ಆ ದಿನ ನಸುಕಿನಲ್ಲೇ ಬಸ್ ಹತ್ತಿದ್ದಳೆಂದು ಕೆಲವರು ಆಣೆ ಮಾಡಿ ಹೇಳುತ್ತಾರೆ. ಹಾಗಿದ್ದರೆ ಅತ್ತೆ ನಡುಗಿದ್ದು ಯಾರಿಗಾಗಿ? ಕೇಳಿದರೆ, "ಯಾವ ಹುಡುಗಿನೋ?" ಎಂದು ನನ್ನನ್ನೇ ಕೇಳುತ್ತಾಳೆ.

ಅಟ್ಟದಲ್ಲಿ ಯಾರಾದರೂ ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಹುಡುಗಿಯ ಹೆಸರೂ ಗೊತ್ತಿಲ್ಲ.